ಬಾಲ್ ಮಿಲ್‌ನಲ್ಲಿ ಅಣು ಇಂಧನ: ನೈಟ್ರೈಡ್ ಪುಡಿ ತಯಾರಾಗುವ ಬಗೆ

ಕೊಪ್ಪಳ ಜಿಲ್ಲೆಯಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಜಾಗ ಹುಡುಕುವ ಸುದ್ದಿ ಬಂದಾಗಿನಿಂದ ಈ ಭಾಗದಲ್ಲಿ ಯುರೇನಿಯಂ, ರಿಯಾಕ್ಟರ್, ಇಂಧನ ಎಂಬ ಮಾತುಗಳು ದಿನಬಳಕೆಗೆ ಇಳಿದಿವೆ. 2025ರ ಕೇಂದ್ರ ಬಜೆಟ್ 2047ರ ಹೊತ್ತಿಗೆ 100 ಗಿಗಾವ್ಯಾಟ್ ಅಣು ವಿದ್ಯುತ್ತಿನ ಗುರಿ ಇಟ್ಟು, ಸಣ್ಣ ರಿಯಾಕ್ಟರ್‌ಗಳ ಸಂಶೋಧನೆಗೆ 20 ಸಾವಿರ ಕೋಟಿ ರೂಪಾಯಿ ಘೋಷಿಸಿತು. ಹೊಸ ಬಗೆಯ ರಿಯಾಕ್ಟರ್‌ಗಳ ಮಾತು ಬಂದಾಗಲೆಲ್ಲ ‘ನೈಟ್ರೈಡ್ ಇಂಧನ’ (ಯುರೇನಿಯಂ ನೈಟ್ರೋಜನ್ನಿನೊಂದಿಗೆ ಕೂಡಿದ ವಸ್ತು) ಎಂಬ ಪದವೂ ಕಿವಿಗೆ ಬೀಳುತ್ತದೆ. ಅದನ್ನು ಬಾಲ್ ಮಿಲ್‌ನಲ್ಲಿ ತಯಾರಿಸಬಹುದು ಎಂದರೆ ಹಟ್ಟಿಯ ಚಿನ್ನದ ಗಣಿಯಲ್ಲೋ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ದುಡಿದವರಿಗೆ ಅಚ್ಚರಿ ಆಗಬಹುದು. ಅದಿರು ಅರೆಯುವ ಯಂತ್ರ ರಾಸಾಯನಿಕ ಕ್ರಿಯೆಯನ್ನು ನಡೆಸುವುದು ಹೇಗೆ?

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಭಾರತದಲ್ಲಿ ಇಂದು ವಿದ್ಯುತ್ ಕೊಡುತ್ತಿರುವ ಯಾವ ಅಣು ಸ್ಥಾವರವೂ ನೈಟ್ರೈಡ್ ಇಂಧನ ಬಳಸುವುದಿಲ್ಲ. ಕೈಗಾದಲ್ಲಿ ಉರಿಯುವುದು ಯುರೇನಿಯಂ ಆಕ್ಸೈಡ್. ಮುಂದೆ ಎಲ್ಲಿಯೇ ಕೈಗಾದಂಥ ಭಾರಜಲದ ರಿಯಾಕ್ಟರ್ ಬಂದರೂ ಅದಕ್ಕೂ ಆಕ್ಸೈಡೇ ಬೇಕು. ನೈಟ್ರೈಡ್ ಇನ್ನೂ ಬಹುಮಟ್ಟಿಗೆ ಪ್ರಯೋಗಾಲಯದ ವಸ್ತು.

ಇಂಧನ ಎಂದರೆ ಇಲ್ಲಿ ಏನು

ಗಣಿಯಿಂದ ಬಂದ ಯುರೇನಿಯಂ ಹಾಗೆಯೇ ರಿಯಾಕ್ಟರ್‌ಗೆ ಹೋಗುವುದಿಲ್ಲ. ಅದಿರಿನಿಂದ ಬೇರ್ಪಡಿಸಿ, ಶುದ್ಧ ಮಾಡಿ, ಆಮ್ಲಜನಕದೊಂದಿಗೆ ಕೂಡಿಸಿ ಕಪ್ಪು ಪುಡಿ ಮಾಡುತ್ತಾರೆ. ಆ ಪುಡಿಯನ್ನು ಒತ್ತಿ, ಕುಲುಮೆಯಲ್ಲಿ ಕಾಯಿಸಿ, ಬೆರಳ ತುದಿಯಷ್ಟು ದಪ್ಪದ ಗಟ್ಟಿ ಬಿಲ್ಲೆಗಳನ್ನಾಗಿ ಮಾಡುತ್ತಾರೆ. ಬಿಲ್ಲೆಗಳನ್ನು ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳಿಗೆ ತುಂಬಿ ಬಾಯಿ ಬೆಸೆಯುತ್ತಾರೆ. ಕೈಗಾದ 220 ಮೆಗಾವ್ಯಾಟ್ ಘಟಕಗಳಿಗೆ ಇಂಥ 19 ಕೊಳವೆಗಳ, ಅರ್ಧ ಮೀಟರ್ ಉದ್ದದ ಕಟ್ಟುಗಳು ಹೋಗುತ್ತವೆ. ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್ ಈ ಕೆಲಸ ಮಾಡುವ ಸಂಸ್ಥೆ. ಶಾಖ ಹುಟ್ಟುವುದು ಬಿಲ್ಲೆಯ ಒಳಗೆ. ಅದನ್ನು ಹೊತ್ತೊಯ್ಯುವ ನೀರು ಇರುವುದು ಕೊಳವೆಯ ಹೊರಗೆ.

ಆಕ್ಸೈಡ್ ಇರುವಾಗ ನೈಟ್ರೈಡ್ ಏಕೆ

ಯುರೇನಿಯಂ ಆಕ್ಸೈಡಿನ ದೊಡ್ಡ ಗುಣ ಅದರ ತಾಳಿಕೆ. ಸುಮಾರು 2,850 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗುವುದಿಲ್ಲ, ಬಿಸಿನೀರಿಗೆ ಹೆದರುವುದಿಲ್ಲ. ದೋಷ ಎಂದರೆ ಶಾಖವನ್ನು ಸಾಗಿಸುವುದರಲ್ಲಿ ಬಲು ಮಂದ. 1,000 ಡಿಗ್ರಿಯ ಹತ್ತಿರ ಅದರ ಶಾಖವಾಹಕತೆ ಮೀಟರ್‌ಗೆ, ಡಿಗ್ರಿಗೆ ಸುಮಾರು 3 ವ್ಯಾಟ್ ಮಾತ್ರ. ಬಿಸಿ ಏರಿದಂತೆ ಅದು ಇನ್ನೂ ಇಳಿಯುತ್ತದೆ. ಹೀಗಾಗಿ ಬಿಲ್ಲೆಯ ಹೊರಮೈ ಕಡಿಮೆ ಬಿಸಿಯಿದ್ದರೂ ನಡುಭಾಗ ಸಾವಿರ ಡಿಗ್ರಿ ದಾಟಿರುತ್ತದೆ.

ಒಂದು ಯುರೇನಿಯಂ ಪರಮಾಣುವಿಗೆ ಒಂದು ನೈಟ್ರೋಜನ್ ಪರಮಾಣು ಸೇರಿದ್ದು ಯುರೇನಿಯಂ ಮೊನೊನೈಟ್ರೈಡ್. ಅದರ ಕರಗುವ ಬಿಂದುವೂ ಆಕ್ಸೈಡಿನಷ್ಟೇ ಎತ್ತರದ್ದು, ಆದರೆ 1,000 ಡಿಗ್ರಿಯಲ್ಲಿ ಅದರ ಶಾಖವಾಹಕತೆ 20 ವ್ಯಾಟ್ ದಾಟುತ್ತದೆ. ಬಿಸಿಯಾದಷ್ಟೂ ಹೆಚ್ಚುತ್ತದೆ ಕೂಡ. ಇನ್ನೊಂದು ಲಾಭ ಸಾಂದ್ರತೆಯದು. ಒಂದು ಘನ ಸೆಂಟಿಮೀಟರ್ ಆಕ್ಸೈಡಿನಲ್ಲಿ ಯುರೇನಿಯಂ ಸುಮಾರು 9.7 ಗ್ರಾಂ ಇದ್ದರೆ, ನೈಟ್ರೈಡಿನಲ್ಲಿ 13.5 ಗ್ರಾಂ. ಅಷ್ಟೇ ಜಾಗದಲ್ಲಿ ಶೇ. 40ರಷ್ಟು ಹೆಚ್ಚು ಯುರೇನಿಯಂ ಹಿಡಿಯುತ್ತದೆ. ಜಾಗ ಕಡಿಮೆ ಇರುವ ಸಣ್ಣ ರಿಯಾಕ್ಟರ್‌ಗಳಿಗೂ ವೇಗದ ನ್ಯೂಟ್ರಾನ್ ಬಳಸುವ ರಿಯಾಕ್ಟರ್‌ಗಳಿಗೂ ಇದು ಬಹಳ ಮುಖ್ಯ. ರಷ್ಯಾದ ಸೆವೆರ್ಸ್ಕ್‌ನಲ್ಲಿ 2021ರಲ್ಲಿ ಕಟ್ಟಲು ಶುರುಮಾಡಿದ, ಕರಗಿದ ಸೀಸದಿಂದ ತಂಪಾಗುವ ಬ್ರೆಸ್ಟ್ ರಿಯಾಕ್ಟರ್‌ನ ವಿನ್ಯಾಸ ಇಂಥ ನೈಟ್ರೈಡ್ ಇಂಧನವನ್ನೇ ನಂಬಿಕೊಂಡಿದೆ. ನಮ್ಮ ಕಲ್ಪಾಕ್ಕಂನ ಪ್ರಾಯೋಗಿಕ ವೇಗದ ರಿಯಾಕ್ಟರ್ 1985ರಿಂದ ಕಾರ್ಬೈಡ್ (ಇಂಗಾಲದೊಂದಿಗೆ ಕೂಡಿದ) ಇಂಧನದಲ್ಲಿ ನಡೆದಿದೆ. ಕಾರ್ಬೈಡ್ ಈ ನೈಟ್ರೈಡಿನ ಹತ್ತಿರದ ಸಂಬಂಧಿ.

ಹಾಗಿದ್ದರೆ ಎಲ್ಲ ಕಡೆ ಇದನ್ನೇ ಏಕೆ ಬಳಸಬಾರದು? ಮುಖ್ಯ ತೊಡಕು ನೀರು. ಬಿಸಿ ನೀರು ಅಥವಾ ಹಬೆ ತಾಗಿದರೆ ನೈಟ್ರೈಡ್ ಒಡೆದು ಆಕ್ಸೈಡ್ ಆಗುತ್ತದೆ. ಅಮೋನಿಯಾ, ಹೈಡ್ರೋಜನ್ ಹೊರಬೀಳುತ್ತವೆ. ನೀರಿನಿಂದ ತಂಪಾಗುವ ರಿಯಾಕ್ಟರ್‌ನಲ್ಲಿ ಒಂದು ಕೊಳವೆ ಸೀಳಿದರೂ ಒಳಗಿನ ಬಿಲ್ಲೆ ಪುಡಿಯಾಗತೊಡಗುತ್ತದೆ. ಎರಡನೆಯ ತೊಡಕು ತಯಾರಿಕೆಯದು. ಈ ಲೇಖನದ ವಿಷಯವೇ ಅದು.

ಬಳಕೆಯಲ್ಲಿರುವ ದಾರಿ: ಇಂಗಾಲ ಹಾಕಿ ಕಾಯಿಸುವುದು

ಇದುವರೆಗಿನ ಮುಖ್ಯ ವಿಧಾನದಲ್ಲಿ ಯುರೇನಿಯಂ ಆಕ್ಸೈಡ್ ಪುಡಿಗೆ ನಯವಾದ ಇಂಗಾಲದ ಪುಡಿ ಬೆರೆಸಿ, ನೈಟ್ರೋಜನ್ ಹರಿಯುವ ಕುಲುಮೆಯಲ್ಲಿ 1,500 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ. ಇಂಗಾಲ ಆಮ್ಲಜನಕವನ್ನು ಕಿತ್ತುಕೊಂಡು ಕಾರ್ಬನ್ ಮಾನಾಕ್ಸೈಡ್ ಆಗಿ ಹೊರಗೆ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ನೈಟ್ರೋಜನ್ ಬಂದು ಕೂರುತ್ತದೆ. ಕಾಗದದ ಮೇಲೆ ಸರಳ. ಆದರೆ ಇಂಗಾಲ ಸ್ವಲ್ಪ ಕಡಿಮೆ ಬಿದ್ದರೆ ಆಮ್ಲಜನಕ ಉಳಿಯುತ್ತದೆ, ಸ್ವಲ್ಪ ಹೆಚ್ಚಾದರೆ ಇಂಗಾಲ ಉಳಿಯುತ್ತದೆ. ಹೆಚ್ಚಿನ ಇಂಗಾಲವನ್ನು ತೆಗೆಯಲು ಮತ್ತೆ ಹೈಡ್ರೋಜನ್ ಬೆರೆಸಿದ ಅನಿಲದಲ್ಲಿ ಕಾಯಿಸಬೇಕು. ಉಳಿದ ಆಮ್ಲಜನಕ, ಇಂಗಾಲ ಎರಡೂ ಇಂಧನದ ಬಾಳಿಕೆಗೆ ಕೆಡುಕು. ಕೊಳವೆಯ ಲೋಹದೊಂದಿಗೆ ಸೇರಿ ಅದನ್ನು ಬಿರುಸಾಗಿಸುವುದೂ ಉಂಟು.

ಅಮೆರಿಸಿಯಂನಂಥ ಧಾತು ಬೆರೆತ ಇಂಧನ ಮಾಡುವಾಗ ಕಷ್ಟ ಇನ್ನೂ ದೊಡ್ಡದು. ಬಳಸಿದ ಇಂಧನದಿಂದ ಸಿಗುವ ಈ ಧಾತುವನ್ನು ಮತ್ತೆ ರಿಯಾಕ್ಟರ್‌ನಲ್ಲೇ ಉರಿಸಿ ತ್ಯಾಜ್ಯ ಕಡಿಮೆ ಮಾಡುವ ಆಲೋಚನೆ ಇದೆ. ಆದರೆ ಅಷ್ಟು ಬಿಸಿಯಲ್ಲಿ ಅಮೆರಿಸಿಯಂ ಆವಿಯಾಗಿ ಕುಲುಮೆಯ ಗೋಡೆಗೆ ಅಂಟುತ್ತದೆ. ಕಡಿಮೆ ಉಷ್ಣಾಂಶದಲ್ಲಿ ನೈಟ್ರೈಡ್ ಮಾಡುವ ದಾರಿಯನ್ನು ಹುಡುಕಲು ಇದೂ ಒಂದು ಬಲವಾದ ಕಾರಣ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಈ ವಿಧಾನದಲ್ಲೂ ಆಕ್ಸೈಡ್, ಇಂಗಾಲಗಳನ್ನು ಹದವಾಗಿ ಬೆರೆಸಲು ಬಾಲ್ ಮಿಲ್ ಬಳಸುವುದುಂಟು. ಅಲ್ಲಿ ಅದು ಬರೀ ಬೆರೆಸುವ ಯಂತ್ರ, ಕ್ರಿಯೆ ನಡೆಯುವುದು ಕುಲುಮೆಯಲ್ಲಿ. ನಾವು ಈಗ ನೋಡಲಿರುವ ವಿಧಾನದಲ್ಲಿ ಕ್ರಿಯೆ ನಡೆಯುವುದೇ ಮಿಲ್‌ನ ಒಳಗೆ.

ದೊಡ್ಡ ಮಿಲ್, ಸಣ್ಣ ಜಾಡಿ

ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯಲ್ಲಿ, ಬಳ್ಳಾರಿ ಸೀಮೆಯ ಕಬ್ಬಿಣದ ಅದಿರಿನ ಘಟಕಗಳಲ್ಲಿ ಇರುವ ಬಾಲ್ ಮಿಲ್ ಒಂದು ಅಡ್ಡ ಡ್ರಮ್. ಡ್ರಮ್ ತಿರುಗಿದಾಗ ಉಕ್ಕಿನ ಗುಂಡುಗಳು ಗೋಡೆಯ ಜತೆ ಮೇಲೇರಿ ಕೆಳಗೆ ಬಿದ್ದು ಅದಿರನ್ನು ಒಡೆಯುತ್ತವೆ. ವೇಗ ತೀರಾ ಹೆಚ್ಚಾದರೆ ಗುಂಡುಗಳು ಗೋಡೆಗೇ ಅಂಟಿಕೊಂಡು ಸುತ್ತುತ್ತವೆ, ಬೀಳುವುದೇ ಇಲ್ಲ. ಆ ಮಿತಿಗೆ ಕ್ರಿಟಿಕಲ್ ಸ್ಪೀಡ್ ಎನ್ನುತ್ತಾರೆ. ಲೆಕ್ಕ ಸುಲಭ: 42.3 ಅನ್ನು ಡ್ರಮ್ಮಿನ ವ್ಯಾಸದ (ಮೀಟರ್‌ನಲ್ಲಿ) ವರ್ಗಮೂಲದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. 3 ಮೀಟರ್ ಡ್ರಮ್ಮಿಗೆ ಇದು ಸುಮಾರು 24. ಓಡಿಸುವುದು ಅದರ ಮುಕ್ಕಾಲು ಭಾಗ, ಅಂದರೆ 18 ಸುತ್ತಿನ ಆಸುಪಾಸಿನಲ್ಲಿ.

ಇದನ್ನೇ 10 ಸೆಂಟಿಮೀಟರ್ ವ್ಯಾಸದ ಜಾಡಿಗೆ ಇಳಿಸಿದರೆ ಪೆಟ್ಟು ಬಲಹೀನವಾಗುತ್ತದೆ. 2 ಮೀಟರ್ ಎತ್ತರದಿಂದ ಬೀಳುವ ಗುಂಡಿನ ವೇಗ ಸೆಕೆಂಡಿಗೆ 6 ಮೀಟರ್ ದಾಟುತ್ತದೆ. ಜಾಡಿಯೊಳಗೆ 7 ಸೆಂಟಿಮೀಟರ್ ಬೀಳುವ ಗುಂಡಿಗೆ 1.2 ಮೀಟರ್ ಅಷ್ಟೇ. ತೂಕ ಒಂದೇ ಆದರೂ ಪೆಟ್ಟಿನ ಶಕ್ತಿ 28 ಪಟ್ಟು ಕಡಿಮೆ.

ಇದಕ್ಕೆ ಪರಿಹಾರ ಪ್ಲಾನೆಟರಿ ಮಿಲ್. ಒಂದು ದೊಡ್ಡ ತಟ್ಟೆ ಒಂದು ದಿಕ್ಕಿಗೆ ಸುತ್ತುತ್ತದೆ. ಅದರ ಮೇಲೆ ಕೂತ ಜಾಡಿಗಳು ತಮ್ಮ ಅಕ್ಷದಲ್ಲಿ ವಿರುದ್ಧ ದಿಕ್ಕಿಗೆ ಸುತ್ತುತ್ತವೆ. ತಟ್ಟೆಯ ನಡುವಿನಿಂದ ಜಾಡಿಯ ನಡುವಿಗೆ 15 ಸೆಂಟಿಮೀಟರ್ ಇದ್ದು, ನಿಮಿಷಕ್ಕೆ 300 ಸುತ್ತು ಓಡಿದರೆ, ಜಾಡಿಯ ಮೇಲೆ ಭೂಮಿಯ ಗುರುತ್ವದ 15 ಪಟ್ಟು ಎಳೆತ ಬೀಳುತ್ತದೆ. ಗುಂಡುಗಳು ಬೀಳುವುದಕ್ಕೆ ಕಾಯುವುದಿಲ್ಲ, ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಎಸೆಯಲ್ಪಡುತ್ತವೆ.

ಪೆಟ್ಟು ಕ್ರಿಯೆಯನ್ನು ನಡೆಸುವುದು ಹೇಗೆ

ಯುರೇನಿಯಂ ಲೋಹಕ್ಕೆ ನೈಟ್ರೋಜನ್ ಎಂದರೆ ಒಲವು ಕಡಿಮೆಯೇನಲ್ಲ. ಕೂಡಿದರೆ ಬಹಳ ಶಾಖವೂ ಹೊರಬರುತ್ತದೆ. ಆದರೂ ತಣ್ಣಗಿನ ಲೋಹದ ತುಂಡನ್ನು ನೈಟ್ರೋಜನ್ನಿನಲ್ಲಿ ಇಟ್ಟರೆ ಒಳಗಿನವರೆಗೆ ನೈಟ್ರೈಡ್ ಆಗುವುದಿಲ್ಲ. ಮೇಲ್ಮೈಯಲ್ಲಿ ಹುಟ್ಟಿದ ತೆಳು ನೈಟ್ರೈಡ್ ಪದರವೇ ಮುಂದಿನ ಅನಿಲಕ್ಕೆ ಅಡ್ಡ ನಿಲ್ಲುತ್ತದೆ.

ಹೊಲದಲ್ಲಿ ಮಳೆಯಾದ ಮೇಲೆ ಬಿಸಿಲಿಗೆ ಮೇಲ್ಮಣ್ಣು ಹೆಪ್ಪುಗಟ್ಟಿ ಮುಂದಿನ ಮಳೆಯ ನೀರು ಇಂಗದೆ ಹರಿದು ಹೋಗುವುದು ರಾಯಚೂರು, ಕೊಪ್ಪಳದ ರೈತರಿಗೆ ಗೊತ್ತು. ಎಡೆಕುಂಟೆ ಹೊಡೆದು ಆ ಹೆಪ್ಪನ್ನು ಒಡೆದರೆ ನೀರು ಒಳಗಿಳಿಯುತ್ತದೆ. ಮಿಲ್‌ನಲ್ಲಿ ಗುಂಡು ಮಾಡುವುದು ಇದೇ ಕೆಲಸ. ಪ್ರತಿ ಪೆಟ್ಟಿಗೂ ನೈಟ್ರೈಡ್ ಪದರ ಬಿರಿದು ಹೊಸ ಲೋಹದ ಮೈ ತೆರೆದುಕೊಳ್ಳುತ್ತದೆ, ಅನಿಲ ಅಲ್ಲಿಗೆ ನುಗ್ಗುತ್ತದೆ, ಮತ್ತೆ ಪದರ ಹುಟ್ಟುತ್ತದೆ, ಮತ್ತೆ ಪೆಟ್ಟು ಬೀಳುತ್ತದೆ. ಜತೆಗೆ ಕಣಗಳು ಸಣ್ಣದಾಗುತ್ತ ಹೋಗಿ ನೈಟ್ರೋಜನ್ ಸಾಗಬೇಕಾದ ದೂರ ಕಡಿಮೆಯಾಗುತ್ತದೆ. ಪೆಟ್ಟು ತಿಂದ ಲೋಹದ ಪರಮಾಣು ಸಾಲುಗಳು ಅಲ್ಲಲ್ಲಿ ತಪ್ಪಿ, ಆ ಬಿರುಕುಗಳ ಮೂಲಕ ನೈಟ್ರೋಜನ್ ಬೇಗ ಒಳಸೇರುತ್ತದೆ. ಕುಲುಮೆಯಲ್ಲಿ ಶಾಖ ಮಾಡುವ ಕೆಲಸದ ಒಂದು ಪಾಲನ್ನು ಇಲ್ಲಿ ಪೆಟ್ಟು ಮಾಡುತ್ತದೆ. ಇದಕ್ಕೆ ಮೆಕಾನೋಕೆಮಿಸ್ಟ್ರಿ ಎಂದು ಹೆಸರು.

ಅಮೆರಿಕದ ಬಾಯ್ಸಿ ಸ್ಟೇಟ್ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಯುರೇನಿಯಂ ಮೇಲೆ ಇದನ್ನು ಮಾಡಿ ತೋರಿಸಿತು. ಕೋಣೆಯ ಉಷ್ಣಾಂಶದಲ್ಲಿ, ನೈಟ್ರೋಜನ್ ತುಂಬಿದ ಜಾಡಿಯಲ್ಲಿ ಅರೆದಾಗ ಸಿಕ್ಕಿದ್ದು ನೇರವಾಗಿ ಮೊನೊನೈಟ್ರೈಡ್ ಅಲ್ಲ. ಎರಡು ಯುರೇನಿಯಂಗೆ ಮೂರು ನೈಟ್ರೋಜನ್ ಇರುವ ಸೆಸ್ಕ್ವಿನೈಟ್ರೈಡ್. ತಣ್ಣಗಿರುವಾಗ, ಸುತ್ತ ನೈಟ್ರೋಜನ್ ಧಾರಾಳವಾಗಿರುವಾಗ ಆ ರೂಪವೇ ಹೆಚ್ಚು ಸ್ಥಿರ. ಅದನ್ನು 1,000 ಡಿಗ್ರಿಗಿಂತ ತುಸು ಮೇಲೆ ಕಾಯಿಸಿದಾಗ ಹೆಚ್ಚಿನ ನೈಟ್ರೋಜನ್ ಬಿಟ್ಟು ಮೊನೊನೈಟ್ರೈಡ್ ಉಳಿಯಿತು. ಕುಲುಮೆ ಪೂರ್ತಿ ತಪ್ಪಲಿಲ್ಲ, ಆದರೆ 1,500ರ ಬದಲು 1,000ದ ಮಟ್ಟಕ್ಕೆ ಇಳಿಯಿತು. ಇಂಗಾಲದ ಗೋಜು ಇಲ್ಲವೇ ಇಲ್ಲ.

ಒಂದು ಲೆಕ್ಕ: 5 ಗ್ರಾಂ ಡಿಸ್ಪ್ರೋಸಿಯಂ

ಭಾರತದಲ್ಲಿ ಯುರೇನಿಯಂ ಅಣುಶಕ್ತಿ ಕಾನೂನಿನ ಹಿಡಿತದಲ್ಲಿದೆ. ಕಾಲೇಜಿನ ಪ್ರಯೋಗಾಲಯ ಮುಟ್ಟುವ ವಸ್ತು ಅಲ್ಲ. ಸಂಶೋಧಕರು ವಿಧಾನವನ್ನು ಕಲಿಯುವುದು, ತಿದ್ದುವುದು ಬಹುತೇಕ ವಿಕಿರಣವಿಲ್ಲದ ಬದಲಿ ಲೋಹಗಳ ಮೇಲೆ. ಸೀರಿಯಂ, ಡಿಸ್ಪ್ರೋಸಿಯಂ ಈ ಕೆಲಸಕ್ಕೆ ಬಳಕೆಯಲ್ಲಿವೆ. ಡಿಸ್ಪ್ರೋಸಿಯಂ ಇಟ್ಟುಕೊಂಡು ಲೆಕ್ಕ ಹಾಕೋಣ.

162.5 ಗ್ರಾಂ ಡಿಸ್ಪ್ರೋಸಿಯಂ 14 ಗ್ರಾಂ ನೈಟ್ರೋಜನ್ ಹೀರುತ್ತದೆ. 5 ಗ್ರಾಂ ಲೋಹಕ್ಕೆ ಬೇಕಾದದ್ದು 0.43 ಗ್ರಾಂ, ಅಂದರೆ 25 ಡಿಗ್ರಿಯಲ್ಲಿ, ಸಾಮಾನ್ಯ ಗಾಳಿಯ ಒತ್ತಡದಲ್ಲಿ ಸುಮಾರು 0.38 ಲೀಟರ್ ಅನಿಲ. ಜಾಡಿ 250 ಮಿಲಿಲೀಟರ್‌ನದು, ಗುಂಡುಗಳು ಲೋಹದ 10 ಪಟ್ಟು ತೂಕದವು, ಅಂದರೆ 50 ಗ್ರಾಂ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಗುಂಡು. ಗುಂಡು, ಲೋಹ ಎರಡೂ ಸೇರಿ 9 ಮಿಲಿಲೀಟರ್ ಜಾಗ ಹಿಡಿದು, ಅನಿಲಕ್ಕೆ 241 ಉಳಿಯುತ್ತದೆ. ಅಲ್ಲಿ 3 ಅಟ್ಮಾಸ್ಫಿಯರ್ (ಸಾಮಾನ್ಯ ಗಾಳಿಯ ಮೂರು ಪಟ್ಟು) ಒತ್ತಡಕ್ಕೆ ನೈಟ್ರೋಜನ್ ತುಂಬಿದರೆ 0.72 ಲೀಟರ್‌ನಷ್ಟು ಅನಿಲ ಇದ್ದಂತೆ. ಕ್ರಿಯೆ ಪೂರ್ತಿಯಾದಾಗ ಒತ್ತಡ 3ರಿಂದ ಸುಮಾರು 1.4ಕ್ಕೆ ಇಳಿಯಬೇಕು.

ಈ ಇಳಿಕೆಯೇ ಕೆಲಸದವರ ಕಣ್ಣು. ಜಾಡಿಯ ಮುಚ್ಚಳದಲ್ಲಿ ಒತ್ತಡಮಾಪಕ ಇದ್ದರೆ ಒಳಗೆ ಎಷ್ಟು ಕ್ರಿಯೆ ನಡೆದಿದೆ ಎಂದು ತೆರೆಯದೆಯೇ ತಿಳಿಯುತ್ತದೆ. ಆದರೆ ಓಡುತ್ತಿರುವಾಗಲೋ ನಿಲ್ಲಿಸಿದ ಕೂಡಲೇಯೋ ಓದಿದ ಅಂಕಿಯನ್ನು ನಂಬಬಾರದು. ಜಾಡಿ 70 ಡಿಗ್ರಿಗೆ ಬಿಸಿಯಾಗಿದ್ದರೆ ಅದೇ ಅನಿಲ 3ರ ಬದಲು 3.45 ತೋರಿಸುತ್ತದೆ. ತಣ್ಣಗಾಗಲು ಬಿಟ್ಟು ಓದಬೇಕು.

ಅದೇ ಜಾಡಿಗೆ ಆಸೆಪಟ್ಟು 10 ಗ್ರಾಂ ಲೋಹ, ಅದಕ್ಕೆ ತಕ್ಕ 100 ಗ್ರಾಂ ಗುಂಡು ಹಾಕಿದರೆ? ಬೇಕಾದ ಅನಿಲ 0.75 ಲೀಟರ್, ಇರುವುದು 0.70. ಲೋಹ ಪೂರ್ತಿ ನೈಟ್ರೈಡ್ ಆಗುವ ಮೊದಲೇ ಅನಿಲ ಮುಗಿದು ಜಾಡಿಯೊಳಗೆ ನಿರ್ವಾತ ಉಂಟಾಗುತ್ತದೆ, ಮುಚ್ಚಳದ ಸಂದಿಯಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಒಳಗಿನ ಒತ್ತಡ ಯಾವಾಗಲೂ 1 ಅಟ್ಮಾಸ್ಫಿಯರ್‌ಗಿಂತ ಮೇಲೇ ಇರಬೇಕು ಎನ್ನುವುದು ಇದಕ್ಕೇ; ಸೋರಿದರೂ ಒಳಗಿನದು ಹೊರಗೆ ಸೋರಲಿ. ಇಲ್ಲಿ ನಡುವೆ ನಿಲ್ಲಿಸಿ ಮತ್ತೆ ಅನಿಲ ತುಂಬುವುದೇ ದಾರಿ.

ಎಲ್ಲಿ ಕೆಡುತ್ತದೆ

ಮೊದಲ ಶತ್ರು ಆಮ್ಲಜನಕ. ನೈಟ್ರೈಡ್ ಇಂಧನದಲ್ಲಿ ಆಮ್ಲಜನಕ ಸಾವಿರ ಪಿಪಿಎಂ, ಅಂದರೆ ಶೇ. 0.1ರ ಒಳಗಿರಲಿ ಎಂಬುದು ಸಾಮಾನ್ಯ ಗುರಿ. 5 ಗ್ರಾಂ ಪುಡಿ ಇರುವ ಜಾಡಿಗೆ ಒಂದು ಮಿಲಿಲೀಟರ್ ಗಾಳಿ ಸೇರಿದರೆ ಸಾಕು, 50 ಪಿಪಿಎಂ ಆಮ್ಲಜನಕ ಏರುತ್ತದೆ. 20 ಮಿಲಿಲೀಟರ್ ಸೇರಿದರೆ ಗುರಿಯೇ ಮುಗಿಯಿತು. ಅದಕ್ಕೆ ಜಾಡಿಗೆ ಲೋಹ ತುಂಬುವುದೂ ಅರೆದ ಪುಡಿ ತೆಗೆಯುವುದೂ ಯಾವುದರೊಂದಿಗೂ ಕೂಡದ ಆರ್ಗಾನ್ ಅನಿಲ ತುಂಬಿದ ಗ್ಲೌವ್ ಬಾಕ್ಸ್ (ಹೊರಗಿನಿಂದ ಕೈಗವಸಿನ ಮೂಲಕ ಕೆಲಸ ಮಾಡುವ ಮುಚ್ಚಿದ ಪೆಟ್ಟಿಗೆ) ಒಳಗೇ. ಸಿಲಿಂಡರ್‌ನ ನೈಟ್ರೋಜನ್ 99.999 ಶೇಕಡಾ ಶುದ್ಧವಿದ್ದರೂ ಅದನ್ನು ಮತ್ತೊಮ್ಮೆ ಆಮ್ಲಜನಕ, ತೇವ ಹೀರುವ ಶೋಧಕದ ಮೂಲಕ ಹಾಯಿಸುವುದು ಒಳ್ಳೆಯದು. ಜಾಡಿಯ ರಬ್ಬರ್ ಬಳೆಯಲ್ಲಿ ಒಂದು ಕಣ ಪುಡಿ ಸಿಕ್ಕಿಕೊಂಡರೂ ಸೋರಿಕೆ ಶುರು, ಆದ್ದರಿಂದ ಮುಚ್ಚುವ ಮುನ್ನ ಅಂಚು ಒರೆಸುವುದನ್ನು ಮರೆಯಬಾರದು.

ಎರಡನೆಯದು ಸವೆತ. ನನ್ನ ದೃಷ್ಟಿಯಲ್ಲಿ ಈ ವಿಧಾನದ ನಿಜವಾದ ಪರೀಕ್ಷೆ ಇದೇ. ಕುಲುಮೆಯ ವಿಧಾನ ಇಂಗಾಲದ ಕಲ್ಮಶ ತಂದರೆ ಮಿಲ್ ತನ್ನದೇ ಗುಂಡಿನ ಕಲ್ಮಶ ತರುತ್ತದೆ. 50 ಗ್ರಾಂ ಗುಂಡುಗಳಲ್ಲಿ ಶೇ. 0.1 ಮಾತ್ರ ಸವೆಯಿತು ಎನ್ನಿ; ಅದು 50 ಮಿಲಿಗ್ರಾಂ. 5 ಗ್ರಾಂ ಪುಡಿಯಲ್ಲಿ ಅದು ಶೇ. 1 ಕಲ್ಮಶ! ಉಕ್ಕಿನ ಗುಂಡು ಬಳಸಿದರೆ ಕಬ್ಬಿಣ ಸೇರುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಗಡುಸು, ಆದರೆ ಸವೆದಾಗ ಟಂಗ್‌ಸ್ಟನ್, ಇಂಗಾಲದ ಜತೆ ಅದನ್ನು ಹಿಡಿದಿಡುವ ಕೋಬಾಲ್ಟನ್ನೂ ಬಿಡುತ್ತದೆ. ರಿಯಾಕ್ಟರ್‌ಗೆ ಕೋಬಾಲ್ಟ್ ತೀರಾ ಬೇಡದ್ದು. ನ್ಯೂಟ್ರಾನ್ ತಾಗಿ ತೀಕ್ಷ್ಣ ವಿಕಿರಣದ ಕೋಬಾಲ್ಟ್ 60 ಆಗುತ್ತದೆ. ಜಿರ್ಕೋನಿಯಾ ಸೇರಿದರೆ ಅದರಲ್ಲಿನ ಆಮ್ಲಜನಕವೂ ಜತೆಗೆ ಬರುತ್ತದೆ. ಹೀಗಾಗಿ ಗುಂಡಿನ ಆಯ್ಕೆ ಎಂದರೆ ಯಾವ ಕಲ್ಮಶವನ್ನು ತಾಳಿಕೊಳ್ಳಬಲ್ಲೆವು ಎಂಬುದರ ಆಯ್ಕೆ. ಅರೆಯುವ ಮೊದಲೂ ನಂತರವೂ ಗುಂಡುಗಳನ್ನು ತೂಗಿದರೆ ಸವೆತದ ಅಂದಾಜು ಸಿಗುತ್ತದೆ. ಬೇಕಾದಷ್ಟೇ ಹೊತ್ತು ಅರೆದು ನಿಲ್ಲಿಸುವುದು ಸವೆತ ತಗ್ಗಿಸುವ ಸುಲಭ ಉಪಾಯ. ಒತ್ತಡ ಇಳಿಯುವುದು ನಿಂತ ಮೇಲೂ ಓಡಿಸಿದರೆ ಹೆಚ್ಚುವುದು ಕಲ್ಮಶ ಮಾತ್ರ.

ಮೂರನೆಯದು ಅಂಟುವಿಕೆ. ಮೆತ್ತನೆಯ ಲೋಹದ ಚೂರುಗಳು ಶುರುವಿನಲ್ಲಿ ಒಡೆಯುವ ಬದಲು ಚಪ್ಪಟೆಯಾಗಿ, ಒಂದಕ್ಕೊಂದು ಬೆಸೆದು, ಜಾಡಿಯ ತಳಕ್ಕೆ ಮೆತ್ತಿಕೊಳ್ಳುತ್ತವೆ. ಅಂಟಿದ ಲೋಹದ ಒಳಭಾಗಕ್ಕೆ ಅನಿಲ ತಲುಪುವುದಿಲ್ಲ. ಬೇರೆ ಲೋಹಗಳನ್ನು ಅರೆಯುವಾಗ ಇದಕ್ಕೆ ಸ್ಟಿಯರಿಕ್ ಆಮ್ಲ ಎಂಬ, ಇಂಗಾಲ ಇರುವ ಮೇಣದಂಥ ವಸ್ತು ಹಾಕುವ ರೂಢಿ ಇದೆ. ಇಲ್ಲಿ ಹಾಕಿದರೆ ಇಂಗಾಲವನ್ನು ನಾವೇ ಕರೆತಂದಂತೆ. ಬದಲಿಗೆ ತಿರುಗುವ ದಿಕ್ಕನ್ನು ಆಗಾಗ ಬದಲಿಸಬೇಕು, ಬೇರೆ ಬೇರೆ ಗಾತ್ರದ ಗುಂಡು ಬೆರೆಸಬೇಕು, ತಳವನ್ನು ಗ್ಲೌವ್ ಬಾಕ್ಸ್‌ನಲ್ಲಿ ಕೆರೆದು ಮತ್ತೆ ಓಡಿಸಬೇಕು. ಯುರೇನಿಯಂ ಆದರೆ ಮೊದಲು ಹೈಡ್ರೋಜನ್ನಿನೊಂದಿಗೆ ಸೇರಿಸಿ ಹೈಡ್ರೈಡ್ ಮಾಡುತ್ತಾರೆ. ಅದು ತಾನಾಗಿಯೇ ಪುಡಿಯಾಗಿ ಉದುರುತ್ತದೆ. ನೈಟ್ರೈಡ್ ಹೆಚ್ಚಿದಂತೆ ವಸ್ತು ಬಿರುಸಾಗಿ ಅಂಟುವುದು ತಾನೇ ನಿಲ್ಲುತ್ತದೆ.

ಬಿಸಿಯ ಬಗ್ಗೆಯೂ ಎಚ್ಚರ ಬೇಕು. ಪೆಟ್ಟಿನ ಬಿಸಿ, ಕ್ರಿಯೆಯ ಬಿಸಿ ಎರಡೂ ಸೇರಿ ಜಾಡಿ ಕಾಯುತ್ತದೆ, ರಬ್ಬರ್ ಬಳೆ ಮೆತ್ತಗಾಗುತ್ತದೆ. ಕಾಲು ಗಂಟೆ ಓಡಿಸಿ ಅಷ್ಟೇ ಹೊತ್ತು ಬಿಡುವು ಕೊಡುವುದು ರೂಢಿಯ ಕ್ರಮ.

ಬೆಂಕಿಯ ಅಪಾಯ ಇವೆಲ್ಲಕ್ಕಿಂತ ಗಂಭೀರ. ನಯವಾದ ಯುರೇನಿಯಂ ಪುಡಿ, ಅದರ ಹೈಡ್ರೈಡ್ ಗಾಳಿಗೆ ತೆರೆದುಕೊಂಡರೆ ಕಿಡಿ ಇಲ್ಲದೆಯೂ ಹೊತ್ತಿಕೊಳ್ಳುತ್ತವೆ. ಡಿಸ್ಪ್ರೋಸಿಯಂ, ಸೀರಿಯಂ ಪುಡಿಗಳೂ ಸಾಧುವಲ್ಲ. ಅರ್ಧ ಕ್ರಿಯೆ ಆದ ಜಾಡಿಯನ್ನು ಹೊರಗಡೆ ತೆರೆಯುವುದು ಅತ್ಯಂತ ಅಪಾಯಕಾರಿ. ಹೊತ್ತಿದ ಲೋಹದ ಪುಡಿಗೆ ನೀರು ಎರಚುವಂತಿಲ್ಲ. ಲೋಹದ ಬೆಂಕಿಗೆಂದೇ ಇರುವ ಒಣಪುಡಿಯನ್ನು ಮುಚ್ಚಿ ಗಾಳಿ ತಪ್ಪಿಸಬೇಕು.

ಪುಡಿಯಿಂದ ಬಿಲ್ಲೆಗೆ

ಅರೆದ ಪುಡಿಯನ್ನು ಎಕ್ಸ್-ರೇ ಡಿಫ್ರಾಕ್ಷನ್ ಯಂತ್ರದಲ್ಲಿ ನೋಡಿ ಯಾವ ನೈಟ್ರೈಡ್ ಎಷ್ಟಿದೆ, ಲೋಹ ಉಳಿದಿದೆಯೇ ಎಂದು ಪರೀಕ್ಷಿಸುತ್ತಾರೆ. ಆಮೇಲೆ ಒತ್ತಿ, 1,700 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿ ಬಿಲ್ಲೆ ಮಾಡುತ್ತಾರೆ. ನುಣ್ಣನೆಯ ಪುಡಿ ಚೆನ್ನಾಗಿ ಕೂಡಿಕೊಳ್ಳುತ್ತದೆ, ಆದರೆ ನುಣುಪು ಹೆಚ್ಚಿದಷ್ಟೂ ಆಮ್ಲಜನಕ ಹಿಡಿಯುವ ಮೈಯೂ ಹೆಚ್ಚು.

ಕುಲುಮೆಯ ಅನಿಲ ಇಲ್ಲಿ ಸೂಕ್ಷ್ಮ ವಿಚಾರ. ತೀರಾ ಬಿಸಿಯಲ್ಲಿ ಸುತ್ತ ನೈಟ್ರೋಜನ್ ಇಲ್ಲದಿದ್ದರೆ ಮೊನೊನೈಟ್ರೈಡ್ ಒಡೆದು ಕರಗಿದ ಯುರೇನಿಯಂ ಹನಿಗಳು ಬೇರ್ಪಡುತ್ತವೆ. ಹಾಗೆಂದು ನೈಟ್ರೋಜನ್ನಿನಲ್ಲೇ ತಣಿಸಿದರೆ ಇಳಿಯುವ ಹಾದಿಯಲ್ಲಿ ಮತ್ತೆ ಸೆಸ್ಕ್ವಿನೈಟ್ರೈಡ್ ಹುಟ್ಟುತ್ತದೆ, ಬಿಲ್ಲೆ ಬಿರುಕು ಬಿಡಬಹುದು. ಅದಕ್ಕೆ ಏರುವಾಗ ನೈಟ್ರೋಜನ್, ಇಳಿಯುವಾಗ ನಡುದಾರಿಯಲ್ಲಿ ಆರ್ಗಾನ್ ಎಂದು ಅನಿಲ ಬದಲಿಸುತ್ತಾರೆ.

ನೈಟ್ರೋಜನ್ 15ರ ಪ್ರಶ್ನೆ

ನಾವು ಉಸಿರಾಡುವ ಗಾಳಿಯ ನೈಟ್ರೋಜನ್ನಿನಲ್ಲಿ 99.6 ಶೇಕಡಾ ನೈಟ್ರೋಜನ್ 14 (ಪರಮಾಣು ತೂಕ 14 ಇರುವ ಬಗೆ). ಅದು ರಿಯಾಕ್ಟರ್‌ನಲ್ಲಿ ನ್ಯೂಟ್ರಾನ್ ನುಂಗಿ ಕಾರ್ಬನ್ 14 ಆಗುತ್ತದೆ. ನ್ಯೂಟ್ರಾನ್ ನಷ್ಟ ಒಂದು ಕಡೆ, 5,730 ವರ್ಷ ಅರ್ಧಾಯುಷ್ಯದ ವಿಕಿರಣ ಕಾರ್ಬನ್ ಇನ್ನೊಂದು ಕಡೆ. ಹಾಗಾಗಿ ನೈಟ್ರೈಡ್ ಇಂಧನಕ್ಕೆ ಉಳಿದ ಶೇ. 0.4ರಲ್ಲಿರುವ ನೈಟ್ರೋಜನ್ 15 ಅನ್ನು ಬೇರ್ಪಡಿಸಿ ಬಳಸುವುದು ಒಳ್ಳೆಯದು. ಅದು ದುಬಾರಿ.

ಅನಿಲ ಹರಿಯುತ್ತಲೇ ಇರಬೇಕಾದ ಕುಲುಮೆಯಲ್ಲಿ ಬೆಲೆಬಾಳುವ ನೈಟ್ರೋಜನ್ನಿನ ಬಹುಪಾಲು ಕಾರ್ಬನ್ ಮಾನಾಕ್ಸೈಡ್ ಜತೆ ಹೊರಗೆ ಹೋಗುತ್ತದೆ. ಮುಚ್ಚಿದ ಜಾಡಿಯಲ್ಲಿ ಹಾಗಲ್ಲ, ಒಳಗೆ ಹಾಕಿದ್ದು ಲೋಹಕ್ಕೇ ಸೇರುತ್ತದೆ. ಬಾಲ್ ಮಿಲ್ ಪರವಾಗಿ ಇದು ಗಟ್ಟಿ ವಾದ. ಆದರೆ ಯುರೇನಿಯಂ ವಿಷಯದಲ್ಲಿ ಪೂರ್ಣ ಅಲ್ಲ: ಜಾಡಿಯಲ್ಲಿ ಒಂದು ಯುರೇನಿಯಂಗೆ ಒಂದೂವರೆ ನೈಟ್ರೋಜನ್ ಸೇರುತ್ತದೆ, ಕಾಯಿಸಿದಾಗ ಒಂದು ಉಳಿಯುತ್ತದೆ. ಹೀರಿದ್ದರಲ್ಲಿ ಮೂರನೇ ಒಂದು ಪಾಲು ಆರ್ಗಾನ್‌ನಲ್ಲಿ ಕಾಯಿಸುವ ಎರಡನೇ ಹಂತದಲ್ಲಿ ಹೊರಬೀಳುತ್ತದೆ. ನೈಟ್ರೋಜನ್ 15 ಬಳಸುವ ಘಟಕಕ್ಕೆ ಆ ಪಾಲನ್ನು ಆರ್ಗಾನ್‌ನಿಂದ ಬೇರ್ಪಡಿಸಿ ಮತ್ತೆ ಜಾಡಿಗೆ ತುಂಬುವ ಏರ್ಪಾಡೂ ಬೇಕು, ಅಥವಾ ನಿರ್ವಾತದಲ್ಲಿ ಕಾಯಿಸಿ ಬಿಟ್ಟ ಅನಿಲವನ್ನು ಪಂಪಿನಿಂದ ಎಳೆದು ಹಿಡಿದಿಡಬೇಕು.